ಬ್ಯಾಡ ಅನ್ನೋರು ಕೈ ಎತ್ರಿ

ಲಿಂಗಸುಗೂರು
ಭಾನುವಾರ, 29 ಜೂನ್ 2025

ಗೈರುಹಾಜರಿ ಸದಸ್ಯರಾದ ವೀರೇಂದ್ರ ಅವರಿಗೆ, ಅಮಾನತಿನಲ್ಲಿರುವ ಹೆಂಡತಿ ಶಿವರಂಜನಿಯ ನಮಸ್ಕಾರ.

ಬುಧವಾರ ಸಂಜೆ ನಿಮ್ಮಿಂದ ವಾಟ್ಸಾಪಿನಲ್ಲಿ ಒಂದು ಮಾತು ಬಂತು. ‘ಏನಿದು?’ ಎಂದಷ್ಟೇ ಇತ್ತು. ಯುಗಾದಿಯ ಬೇವುಬೆಲ್ಲ ಮತ್ತು ಸಂಕ್ರಾಂತಿಯ ಎಳ್ಳು, ಈ ಎರಡು ಚಿತ್ರಗಳನ್ನು ಬಿಟ್ಟರೆ ನಾಲ್ಕು ವರ್ಷಗಳಲ್ಲಿ ನೀವು ಸ್ವಂತ ಬೆರಳಿನಿಂದ ನನಗೆ ಬರೆದದ್ದು ಅದೊಂದೇ. ಹಾಗಾಗಿ ಅದನ್ನು ಎರಡು ಸಲ ಓದಿದೆ. ಉತ್ತರ ಫೋನಿನಲ್ಲಿ ಹಿಡಿಸುವಂಥದ್ದಲ್ಲ. ನಿಮ್ಮ ಅಂಗಡಿಯಲ್ಲಿ ಈಗ ಬಿತ್ತನೆ ಬೀಜದ ಹಂಗಾಮು, ಜನ ಮುತ್ತಿಕೊಂಡಿರುತ್ತಾರೆ ಎಂದು ಗೊತ್ತು. ಕಾಗದವಾದರೆ ಗಲ್ಲೆಯ ಕೆಳಗೆ ಇಟ್ಟುಕೊಂಡು ಬಿಡುವಾದಾಗ ಓದಬಹುದು.

ಮೊದಲು ನಿಮಗೆ ಬೇಕಾದ ಸುದ್ದಿ. ನಿಮ್ಮ ಅವ್ವ ಇಲ್ಲಿ ನನ್ನ ಬಾಡಿಗೆ ಮನೆಯಲ್ಲಿ ಆರಾಮ ಇದ್ದಾರೆ. ನಾನು ಅವರನ್ನು ‘ಎತ್ತಾಕ್ಕೊಂಡು ಬಂದೆ’ ಎಂದು ನಿಮ್ಮ ಅಣ್ಣ ಅನಿಲ ಭಾವ ನಿಮಗೆ ಫೋನು ಮಾಡಿ ಹೇಳಿದರಂತೆ. ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ. ಗೊರೇಬಾಳದ ಮನೆಯಲ್ಲಿ ಇದ್ದ ಎತ್ತು ಗೋಡೆಯ ಮಾಡದಲ್ಲಿನ ಮಣ್ಣಿನ ಎತ್ತು ಮಾತ್ರ. ಅತ್ತೆ ತಮ್ಮ ಕಾಲಿನಿಂದಲೇ ನಡೆದು ಬಸ್ಸು ಹತ್ತಿದರು.

ಆದರೆ ವಿಷಯ ಮುಗಿದಿಲ್ಲ. ಬರುವ ನಾಗರ ಅಮಾವಾಸ್ಯೆಗೆ ನಿಮ್ಮನ್ನೂ ಕರೆಸಿ, ಬುಧವಾರ ಆದದ್ದನ್ನೆಲ್ಲ ರದ್ದು ಮಾಡಿ, ಅತ್ತೆಯನ್ನು ನಿಮಗೆ ರೊಟ್ಟಿ ಬಡಿಯಲು ಸಿಂಧನೂರಿಗೆ ಕಳಿಸುತ್ತೇನೆ ಎಂದು ಭಾವ ಹೇಳಿದ್ದಾರೆ. ಅಂದು ನಿಮ್ಮ ಕೈ ಏನು ಮಾಡುತ್ತದೋ ಅದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ನೀವು ಬರುವ ಮೊದಲು ಪೂರ್ತಿ ಸಂಗತಿ ತಿಳಿದುಕೊಂಡು ಬರಬೇಕು.

ನಿಮಗೆ ಗೊತ್ತಿರುವುದರಿಂದಲೇ ಶುರುಮಾಡುತ್ತೇನೆ, ಸಹಿಸಿಕೊಳ್ಳಿ. ಎದುರಿಗೆ ಕೂತವರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಹೊರಡುವುದು ನನ್ನ ವೃತ್ತಿಗೆ ಅಂಟಿದ ರೋಗ.

ಎಂಬತ್ತರ ದಶಕದಲ್ಲಿ ಮಾವನವರು ಮಂಡಲ ಪಂಚಾಯತಿಯ ಸದಸ್ಯರಾಗಿದ್ದರು. ಅವಧಿ ಮುಗಿದಾಗ ಉಳಿದವರು ಮನೆಗೆ ಏನೇನು ತಂದರೋ, ಇವರು ಪ್ರಜಾಪ್ರಭುತ್ವ ತಂದರು. ಅಂದಿನಿಂದ ಗೊರೇಬಾಳದ ಮನೆಯಲ್ಲಿ ಪ್ರತಿ ಅಮಾವಾಸ್ಯೆ, ಹೊಲದ ಕೆಲಸಕ್ಕೆ ರಜೆ ಇರುವ ದಿನ, ಹೋಳಿಗೆ ಊಟವಾದ ಮೇಲೆ ಪಡಸಾಲೆಯಲ್ಲಿ ಸಭೆ. ಬೆತ್ತದ ಕುರ್ಚಿಯಲ್ಲಿ ಮಾವನವರು, ಕೈಯಲ್ಲಿ ಪೂಜೆಯ ಗಂಟೆ. ಯಾವ ತಳಿಯ ನೆಲ್ಲು ಹಚ್ಚಬೇಕು, ಟಿವಿ ಯಾವ ಗೋಡೆಗೆ ಹೋಗಬೇಕು, ಯಾರ ಮದುವೆಗೆ ಯಾರು ಹೋಗಬೇಕು, ಎಲ್ಲವೂ ಮತಕ್ಕೆ. ಹೊಸ ಸೊಸೆಯಾಗಿ ಬಂದಾಗ ನಾನು ಹಿಗ್ಗಿದ್ದೆ. ರಾಜ್ಯಶಾಸ್ತ್ರ ಓದಿದವಳಿಗೆ ಸಂಸತ್ತೇ ಅತ್ತೆಮನೆಯಾಗಿ ಸಿಕ್ಕಿತ್ತು. ಸಂಸತ್ತಿನ ಕೊನೆಗೆ ‘ಸತ್ತು’ ಇದೆ ಎಂಬುದನ್ನು ಆಗ ಗಮನಿಸಿರಲಿಲ್ಲ.

ಮಾವನವರ ಎಣಿಕೆಯ ಪದ್ಧತಿಯೂ ಅವರದ್ದೇ. ಒಪ್ಪಿದವರು ಕೈ ಎತ್ತುವುದು ಎಲ್ಲ ಕಡೆಯ ಪದ್ಧತಿ. ನಮ್ಮಲ್ಲಿ ಹಾಗಲ್ಲ. ‘ಬ್ಯಾಡ ಅನ್ನೋರು ಕೈ ಎತ್ರಿ’ ಎನ್ನುತ್ತಾರೆ. ಎತ್ತದವರೆಲ್ಲ ಒಪ್ಪಿದ ಲೆಕ್ಕ. ಊಟದ ಮೇಲೆ ತೂಕಡಿಸುವವರು, ಹಾಲು ಉಕ್ಕೀತೆಂದು ಒಳಗೆ ಹೋದವರು, ಅಂಜಿದವರು, ನಾಚಿದವರು, ಎಲ್ಲರೂ ಒಪ್ಪಿದವರೇ. ಗಂಟೆ ಬಾರಿಸಿ ‘ಪಾಸ್’ ಎಂದರೆ ಮುಗಿಯಿತು. ಇಷ್ಟು ಸುಲಭವಾಗಿ ಬಹುಮತ ಬರುವ ಉಪಾಯ ದಿಲ್ಲಿಯವರಿಗೂ ಹೊಳೆದಿಲ್ಲ.

ನಾಲ್ಕು ವರ್ಷದ ಕೆಳಗೆ, ಸಿಂಧನೂರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ನನಗೆ ಕಾಯಂ ಕೆಲಸ ಬಂತು, ಜಾಗ ಲಿಂಗಸುಗೂರು. ಅಮಾವಾಸ್ಯೆ ಸಭೆಗೆ ವಿಷಯ ಬಂತು. ಮನೆತನದ ಸೊಸೆ ದಿನಾ ಮಸ್ಕಿ ದಾಟಿಕೊಂಡು ಬಸ್ಸಿನಲ್ಲಿ ಅಡ್ಡಾಡುವುದು ಬೇಡ, ಕೆಲಸ ಬಿಡಲಿ ಎಂಬುದು ನಿರ್ಣಯ. ನಾನು ಕೈ ಎತ್ತಿದೆ. ಭಾವ ಎತ್ತಲಿಲ್ಲ, ಅವರ ಹೆಂಡತಿ ಭಾಗ್ಯಕ್ಕ ಎತ್ತಲಿಲ್ಲ, ಅತ್ತೆ ಎತ್ತಲಿಲ್ಲ. ಅತ್ತೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ ನೀವು ನಿಮ್ಮ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದಿರಿ. ಮಾವನವರು ಗಂಟೆ ಬಾರಿಸಿದರು. ಎಲ್ಲರೂ ಎದ್ದು ಹೋದ ಮೇಲೂ ನನ್ನ ಕೈ ಮೇಲೇ ಇತ್ತು. ಇಳಿಸಬೇಕೆಂದು ನೆನಪಾಗಲಿಲ್ಲ.

ಸೋಮವಾರ ಟ್ರಂಕು ತೆಗೆದುಕೊಂಡು ಹೊರಟಾಗ ಪಕ್ಕದ ಮನೆಯ ಗದ್ದೆಮ್ಮ ಅಡ್ಡ ಬಂದು ಬುದ್ಧಿ ಹೇಳಿದರು. ‘ಒಂದಿನಾನೂ ಹೆಂತಿ ಮ್ಯಾಲೆ ಕೈ ಎತ್ತಿದಾಂವಲ್ಲ ನಿನ್ನ ಗಂಡ. ಅಂಥಾಂವನ್ನ ಬಿಟ್ಟು ಹೋಗ್ತಿಯಲ್ಲ ಬೇ’ ಎಂದರು. ಕೈ ಎತ್ತಲಿಲ್ಲ ಎಂಬುದೇ ನನ್ನ ತಕರಾರು ಎಂದೆ. ಅವರಿಗೆ ತಿಳಿಯಲಿಲ್ಲ. ಈ ಕಾಲೇಜಿನವರಿಗೆ ತಲೆ ಸರಿ ಇರುವುದಿಲ್ಲ ಎಂಬ ಮುಖ ಮಾಡಿ ಒಳಗೆ ಹೋದರು.

ನಾನು ಸಿಟ್ಟಿನಲ್ಲಿದ್ದೇನೆ ಎಂದು ನಿಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದಾರೆ. ಇದ್ದಿದ್ದರೆ ಚೆನ್ನಾಗಿತ್ತು. ದೂರದ ಬಸ್ಸಿನಲ್ಲಿ ಒಂದೇ ಭಂಗಿಯಲ್ಲಿ ಕೂತು ಕಾಲು ಜೋಮು ಹಿಡಿದಾಗ ಚಿವುಟಿದರೂ ಬೇರೆ ಯಾರದೋ ಕಾಲು ಎನ್ನಿಸುತ್ತದಲ್ಲ, ಹಾಗಿದೆ. ಪಾಠ ಮಾಡುತ್ತೇನೆ, ಜೋಕು ಹೇಳುತ್ತೇನೆ, ಮಕ್ಕಳು ನಗುತ್ತಾರೆ, ಹಾಜರಿ ತೆಗೆದುಕೊಳ್ಳುತ್ತೇನೆ. ನನ್ನ ಹಾಜರಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲವಾದ್ದರಿಂದ ನಡೆದುಹೋಗುತ್ತಿದೆ.

ಈಗ ಹೊಸ ಸಂಗತಿ.

ಈ ತಿಂಗಳ ಮೊದಲಲ್ಲಿ ಒಂದು ದಿನ, ಸಂಸತ್ತೇ ಸರ್ವೋಚ್ಚವಾಗಿರುವ ದೇಶಗಳು ಹಕ್ಕುಗಳ ಮಸೂದೆಯನ್ನು ಏಕೆ ಒಪ್ಪಿಕೊಳ್ಳುತ್ತವೆ ಎಂಬ ಪಾಠವಿತ್ತು. ಬಹುಮತ ಇದ್ದವರು ಏನು ಬೇಕಾದರೂ ಕಾನೂನು ಮಾಡಬಹುದು, ತಡೆಯುವವರಿಲ್ಲ. ಹಾಗಿದ್ದ ಮೇಲೆ ‘ಇಂತಿಂಥದ್ದನ್ನು ನಾವು ಮುಟ್ಟುವುದಿಲ್ಲ’ ಎಂದು ತಮ್ಮ ಕೈಯನ್ನು ತಾವೇ ಏಕೆ ಕಟ್ಟಿಕೊಳ್ಳುತ್ತಾರೆ? ಮಕ್ಕಳನ್ನು ಕೇಳಿದೆ. ಒಳ್ಳೆಯತನದಿಂದ ಎಂದರು. ಒಳ್ಳೆಯತನ ಸಿಲಬಸ್ಸಿನಲ್ಲಿ ಇಲ್ಲ ಎಂದೆ.

ನ್ಯೂಜಿಲೆಂಡಿನ ಕಥೆ ಹೇಳಿದೆ. ಅಲ್ಲಿ ಹಕ್ಕುಗಳ ಕಾಯಿದೆ ಆದದ್ದು ತೊಂಬತ್ತರ ಆಗಸ್ಟಿನಲ್ಲಿ, ಆ ಸರ್ಕಾರ ಚುನಾವಣೆ ಸೋತದ್ದು ಅದೇ ಅಕ್ಟೋಬರಿನಲ್ಲಿ. ಬ್ರಿಟನ್ನಿನಲ್ಲಿ ಹದಿನೆಂಟು ವರ್ಷ ವಿರೋಧ ಪಕ್ಷದ ಬೆಂಚು ಸವೆಸಿದವರು ಅಧಿಕಾರಕ್ಕೆ ಬಂದ ಮರುವರ್ಷವೇ ಅಂಥದ್ದೊಂದನ್ನು ಬರೆದರು. ನಮ್ಮಲ್ಲಿ ಹಕ್ಕು ಬರೆಯಲು ಕೂತವರಲ್ಲಿ ಎಷ್ಟೋ ಜನ ಜೈಲಿನ ಊಟ ಉಂಡು ಬಂದವರು. ಇದೊಂದೇ ಕಾರಣವಲ್ಲ, ಪರೀಕ್ಷೆಯಲ್ಲಿ ಇದಿಷ್ಟೇ ಬರೆದರೆ ಅರ್ಧ ಅಂಕ ಎಂದೂ ಹೇಳಿದೆ. ಆದರೆ ನಾಳೆ ನಾನೇ ಕಡಿಮೆ ಮಂದಿಯ ಕಡೆ ಇರಬಹುದು ಎಂದು ಹೊಳೆದ ದಿನ ದೊಡ್ಡವರಿಗೆ ಹಕ್ಕಿನ ಮೇಲೆ ಅಕ್ಕರೆ ಹುಟ್ಟುತ್ತದೆ. ಹಕ್ಕಿಗೆ ರೆಕ್ಕೆ ಬರುವುದು ಪಂಜರದ ಬಾಗಿಲು ತಮ್ಮ ಕಡೆ ತಿರುಗಿದಾಗ ಎಂದೆ. ಮಕ್ಕಳು ನಕ್ಕರು.

ಆಗ ಕೊನೆಯ ಬೆಂಚಿನಲ್ಲಿ ಒಂದು ಕೈ ಎದ್ದಿತು. ಅದರ ಕೆಳಗೆ ರುಮಾಲು ಇತ್ತು.

ಮಾವನವರು. ಯಾವಾಗ ಬಂದು ಕೂತಿದ್ದರೋ ನಾನು ನೋಡಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವರು ಗಂಟೆ ಎತ್ತಿದ್ದನ್ನು ನೋಡಿದ್ದೇನೆ, ಕೈ ಎತ್ತಿದ್ದನ್ನು ನೋಡಿರಲಿಲ್ಲ. ಎದ್ದು ನಿಂತು, ನನ್ನನ್ನು ಮೇಡಂ ಎಂದೇ ಕರೆದು ಕೇಳಿದರು.

‘ಕುರ್ಚಿ ಹೋಗೂಕಿಂತ ಮೊದಲ ಬರಸಬೇಕೋ, ಹೋದಮ್ಯಾಲೂ ಬರಸಾಕ ಬರ್ತದೋ, ಮೇಡಂ?’

ಮೊದಲು ಬರೆಸಿದರೆ ಸುಲಭ, ಆಮೇಲಾದರೆ ಕುರ್ಚಿಯಲ್ಲಿ ಕೂತವರನ್ನು ಕೇಳಬೇಕಾಗುತ್ತದೆ ಎಂದೆ. ತಲೆಯಾಡಿಸಿ ಕೂತರು. ಹಾಜರಿ ಕರೆಯುವಾಗ ಕೊನೆಯ ಹೆಸರು ಮುಗಿದ ಮೇಲೂ ನನ್ನ ಮುಖ ನೋಡುತ್ತಲೇ ಇದ್ದರು.

ಸ್ಟಾಫ್ ರೂಮಿನಲ್ಲಿ ಚಹಾ ತರಿಸಿದೆ. ಅರ್ಥಶಾಸ್ತ್ರದ ಅನುಪಮಾ ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಮಾವನವರು ಹೇಳಿದ್ದು ಇಷ್ಟು. ಕಣ್ಣಿನ ಆಪರೇಷನ್ ಆದ ಮೇಲೆ ಬೆತ್ತದ ಕುರ್ಚಿ ಮತ್ತು ಗಂಟೆ ಭಾವನ ಪಾಲಾಗಿವೆ. ಕಳೆದ ಅಮಾವಾಸ್ಯೆಗೆ ಭಾವ ಒಂದು ನಿರ್ಣಯ ತಂದರು. ಅಂಗಡಿಗೆಂದು ಸಿಂಧನೂರಿನಲ್ಲಿ ಒಬ್ಬನೇ ಇರುವ ವೀರೇಂದ್ರನಿಗೆ ಊಟದ ತೊಂದರೆ, ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಅವ್ವ ಅಲ್ಲಿಗೆ ಹೋಗಲಿ. ಹೊಲಕ್ಕೆ ನೀರು ಬಿಡುವ ಕಾಲ ಹತ್ತಿರ ಬಂತು, ಕಾವಲಿಗೆ ಜನ ಬೇಕು, ಅಪ್ಪ ಗೊರೇಬಾಳದಲ್ಲೇ ಇರಲಿ. ನಮ್ಮ ಕಡೆ ಹೊಲ ಪಾಲಾದಂತೆ ಎಷ್ಟೋ ಮನೆಗಳಲ್ಲಿ ಅಪ್ಪ ಒಬ್ಬ ಮಗನಿಗೆ, ಅವ್ವ ಒಬ್ಬ ಮಗನಿಗೆ ಪಾಲಾಗುವುದು ಹೊಸದೇನಲ್ಲ. ನಮ್ಮ ಮನೆಯಲ್ಲಿ ಅದು ಪ್ರಜಾಸತ್ತಾತ್ಮಕವಾಗಿ ಆಯಿತು, ಅಷ್ಟೇ. ನೀವೂ ಅಲ್ಲಿದ್ದಿರಿ. ನಾನು ಹೇಳಬೇಕಾದ್ದಿಲ್ಲ.

ಬೇಡ ಎಂದು ಎದ್ದದ್ದು ಮಾವನವರ ಕೈ ಒಂದೇ.

‘ನಿಮ್ಮತ್ತಿ ಬಾಜೂಕ ಅಕ್ಕಿ ಆರಿಸ್ಕೋತ ಕುಂತಿದ್ಲವ್ವಾ. ಅಕೀಗೆ ಕೇಳಿಸಿಲ್ಲ’ ಎಂದರು. ಚಹಾ ಆರಿತು. ಬಸಿಯನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ಬಂದ ಕೆಲಸ ಹೇಳಿದರು. ಗಂಡ ಹೆಂಡತಿಯನ್ನು ವೋಟು ಹಾಕಿ ಬೇರೆ ಮಾಡುವಂತಿಲ್ಲ ಎಂದು ನಮ್ಮ ಮನೆಗೆ ಒಂದು ಕಾಯ್ದೆ ಬರೆದುಕೊಡು, ನಿನ್ನ ಪಾಠದಲ್ಲಿ ಹೇಳಿದೆಯಲ್ಲ, ಅಂಥದ್ದು. ಮಣ್ಣೆತ್ತಿನ ಅಮಾವಾಸ್ಯೆಯ ಸಭೆಗೆ ನೀನೂ ಬಾ, ನಿನ್ನ ಹೆಸರನ್ನು ಇನ್ನೂ ಯಾರೂ ತೆಗೆದಿಲ್ಲ, ನಿನಗೂ ಒಂದು ಮತ ಇದೆ.

ಗಂಡ ಹೆಂಡತಿ ಬೇರೆಯಾಗಲು ವೋಟೇ ಬೇಕೆಂದಿಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದೆ. ಇಂಥ ದಿನ ಬರಲಿ ಎಂದು ಒಂದು ಕಾಲದಲ್ಲಿ ಬಯಸಿದ್ದೆ. ಅವರು ಬಂದು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತಿರಬೇಕು, ನಾನು ಮೇಜಿನ ಈಚೆ ಇರಬೇಕು. ಈಗ ಕೂತಿದ್ದರು. ಏನೂ ಆಗಲಿಲ್ಲ. ರುಮಾಲಿನ ಅಂಚು ಸವೆದಿದೆ ಎಂದಷ್ಟೇ ಅನ್ನಿಸಿತು.

ಅವರನ್ನು ಬಸ್ಸಿಗೆ ಬಿಟ್ಟು ಬಂದ ಮೇಲೆ ಅನುಪಮಾ ಪೆನ್ನು ಕೆಳಗಿಡದೆ ಹೇಳಿದಳು. ‘ಬಹುಮತದ ಕೆಳಗ ಇರೋದು ಹೆಂಗಂತ ನಮ್ಮ ಕೇರ್ಯಾಗ ಹುಟ್ಟತಾನೇ ಗೊತ್ತಾಗ್ತದ ಮೇಡಂ. ನಿಮ್ಮ ಮಾವನೋರಿಗೆ ಒಂದು ಅಮಾಸಿ ಬೇಕಾತು.’ ಅವಳ ಧ್ವನಿಯಲ್ಲಿ ವ್ಯಂಗ್ಯವೂ ಇರಲಿಲ್ಲ. ಮುಂದಿನ ಪತ್ರಿಕೆ ತೆಗೆದುಕೊಂಡಳು.

ಅಂದು ಸಂಜೆ ಅತ್ತೆಗೆ ಫೋನು ಮಾಡಿದೆ. ಹಬ್ಬಕ್ಕೊಮ್ಮೆ ನಾವು ಮಾತಾಡುತ್ತೇವೆ, ಅದು ನಿಮಗೆ ಗೊತ್ತಿರಲಿಕ್ಕಿಲ್ಲ. ಅವತ್ತು ಸಭೆಯಲ್ಲಿ ನಿಮಗೆ ಕೇಳಿಸಲಿಲ್ಲವೇ ಎಂದು ಕೇಳಿದೆ.

‘ಕೇಳಿಸಿತ್ತವ್ವಾ. ಅಕ್ಕಿ ಆರಿಸಾಕ ಕಣ್ಣು ಬೇಕು. ಕಿವಿ ಖಾಲೀನ ಇರ್ತಾವ’ ಎಂದರು.

ಆಮೇಲೆ ನಾನು ಕೇಳದೆಯೇ ಒಂದು ಸಂಗತಿ ಹೇಳಿದರು. ನಿಮಗಾಗ ಎಷ್ಟು ವಯಸ್ಸೋ. ತವರೂರು ವಳಕಮದಿನ್ನಿಯಲ್ಲಿ ಅವರ ತಾಯಿ ಹಾಸಿಗೆ ಹಿಡಿದು, ಮಗಳನ್ನು ನೋಡಬೇಕೆಂದು ಹೇಳಿ ಕಳಿಸಿದ್ದರಂತೆ. ನೆಲ್ಲು ಹಚ್ಚುವ ದಿನಗಳು, ಆಳುಗಳಿಗೆ ಅಡುಗೆಯಾಗಬೇಕು. ಹೋಗುವುದೋ ಬೇಡವೋ ಎಂದು ಮತಕ್ಕೆ ಹಾಕಿದರು. ಆಗ ಮನೆಯಲ್ಲಿ ದೊಡ್ಡವರೆಂದರೆ ಮೂವರು: ಮಾವನವರು, ಅವರ ತಾಯಿ ಮತ್ತು ಅತ್ತೆ. ಅತ್ತೆ ಕೈ ಎತ್ತಿದರು. ನಾಟಿ ಮುಗಿದ ಮೇಲೆ ವಳಕಮದಿನ್ನಿಗೆ ಹೋದರು, ತಾಯಿಯ ದಿವಸದ ಊಟಕ್ಕೆ. ಗೊರೇಬಾಳದಿಂದ ವಳಕಮದಿನ್ನಿ ಏನು ಮಹಾ ದೂರ, ನಿಮಗೇ ಗೊತ್ತು.

ಆ ಮೇಲೆ ಅವರು ಯಾವ ಸಭೆಯಲ್ಲೂ ಕೈ ಎತ್ತಿಲ್ಲ.

‘ನಿಮ್ಮ ಮಾವ ಕೆಟ್ಟವರಲ್ಲವ್ವಾ. ಎಲ್ಲಾದಕ್ಕೂ ಗಂಟಿ ಬಾರಸ್ತಾರ, ಅಷ್ಟ. ಸಿಂಧನೂರಿಗೆ ಹೋದ್ರೂ ರೊಟ್ಟಿ ಬಡಿಯೋದ ಐತಿ. ಆದ್ರ ಅಲ್ಲಿ ಗಂಟಿ ಕೇಳಸಂಗಿಲ್ಲ’ ಎಂದರು. ಸಾರು ಇಳಿಸಬೇಕು ಎಂದು ಫೋನು ಇಟ್ಟರು. ಸಂಸಾರದಲ್ಲಿ ಅವರಿಗೆ ಉಳಿದ ಸಾರ ಅದೊಂದೇ ಎಂದು ಜೋಕು ಹೊಳೆಯಿತು. ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಬರೆಯುತ್ತಿದ್ದೇನೆ, ನೀವೂ ನಗಬೇಡಿ.

ಆಗ ನನಗೆ ತೊಡಕಾಯಿತು. ಮಾವನವರು ಕೇಳಿದಂತೆ, ಗಂಡ ಹೆಂಡತಿಯನ್ನು ಬೇರೆ ಮಾಡುವಂತಿಲ್ಲ ಎಂದು ಬರೆದರೆ ಅದು ಅತ್ತೆಯ ಕಾಲಿಗೆ ಕಟ್ಟುವ ಹಗ್ಗ. ಬರೆಯದಿದ್ದರೆ ಮಾವನವರನ್ನು ಅವರದ್ದೇ ಗಂಟೆ ಹೊಡೆದು ಹೊಲದ ಕಾವಲಿಗೆ ಕೂರಿಸಿದಂತೆ. ಆಗಲೂ ಅತ್ತೆ ಹೋಗುವುದು ಸಿಂಧನೂರಿಗೆ, ರೊಟ್ಟಿಯ ಹಂಚಿನ ಮುಂದಕ್ಕೆ. ಎರಡರಲ್ಲಿ ಯಾವುದರಲ್ಲೂ ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಪಾಠ ಮಾಡುವಾಗ ದೇಶಗಳ ಹೆಸರು ಹೇಳಿ ದಾಟಿಬಿಡಬಹುದು. ಇಲ್ಲಿ ಹೆಸರು ಶೇಖರಮ್ಮ, ನಿಮ್ಮ ಅವ್ವ.

ಆ ಶುಕ್ರವಾರ ಮಾವನವರು ಮತ್ತೆ ಬಂದರು. ನಾನು ಬರೆದಿಟ್ಟದ್ದನ್ನು ಹೊಸ ಕನ್ನಡಕ ಹಾಕಿಕೊಂಡು ಓದಿದರು. ಅದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ:

‘ಒಬ್ಬರು ಇರುವ ಊರು, ದುಡಿಯುವ ಕೆಲಸ, ಯಾರ ಜೊತೆ ಬಾಳಬೇಕು, ಯಾರನ್ನು ನೋಡಲು ಹೋಗಬೇಕು, ಇವನ್ನು ಮತಕ್ಕೆ ಹಾಕತಕ್ಕದ್ದಲ್ಲ. ಅವರನ್ನೇ ಕೇಳತಕ್ಕದ್ದು. ಅವರು ಹೇಳಿದ್ದೇ ಕೊನೆ.’

‘ಇದರಾಗ ನನ್ನ ಹೆಸರಿಲ್ಲಲ್ಲವ್ವಾ’ ಎಂದರು.

ಹೆಸರು ಬರೆದರೆ ಅದು ಹಕ್ಕಾಗುವುದಿಲ್ಲ, ಉಪಕಾರವಾಗುತ್ತದೆ ಎಂದೆ. ಮತ್ತೊಮ್ಮೆ ಓದಿದರು. ‘ದುಡಿಯುವ ಕೆಲಸ’ ಎಂಬಲ್ಲಿ ಬೆರಳು ನಿಂತಿತು. ನನ್ನ ಮುಖ ನೋಡಲಿಲ್ಲ. ಕಾಗದ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.

ಅತ್ತೆ ಫೋನಿನಲ್ಲಿ ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಇದು ಮೋಸವೋ ಅಲ್ಲವೋ ನೀವೇ ತೀರ್ಮಾನಿಸಿ. ತಮಗೆಂದು ಬರೆಸಿದ ಹಕ್ಕು ಪಕ್ಕದವರಿಗೂ ಹತ್ತುತ್ತದೆ ಎಂಬುದು ಅದನ್ನು ಬರೆಸಿದ ಯಾವ ಸರ್ಕಾರಕ್ಕೂ ಮೊದಲೇ ಪೂರ್ತಿ ತಿಳಿದಿರಲಿಕ್ಕಿಲ್ಲ. ತಿಳಿದಿದ್ದರೆ ಎಷ್ಟು ದೇಶಗಳಲ್ಲಿ ಹಕ್ಕುಗಳು ಇರುತ್ತಿದ್ದವೋ.

ಮೊನ್ನೆ ಬುಧವಾರ ರಜೆ ಹಾಕಿ ಗೊರೇಬಾಳಕ್ಕೆ ಹೋದೆ. ನಾಲ್ಕು ವರ್ಷದ ಮೇಲೆ. ಬಾಗಿಲಿನ ಹೊಸ್ತಿಲು, ನೀರಿನ ಹಂಡೆ, ಗೋಡೆಯ ಮೇಲೆ ನಮ್ಮ ಮದುವೆಯ ಫೋಟೋ, ಎಲ್ಲ ಇದ್ದಲ್ಲೇ ಇದ್ದವು. ಫೋಟೋದಲ್ಲಿ ನಿಮ್ಮ ಮೀಸೆಯ ಮೇಲೆ ಹಲ್ಲಿ ಕೂತಿತ್ತು. ಭಾಗ್ಯಕ್ಕ ನನ್ನನ್ನು ನೋಡಿ ಎಲೆಯ ಮೇಲೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿದಳು. ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಎಂದು ನೀವು ಬರಲಿಲ್ಲ ಎಂದು ತಿಳಿಯಿತು. ಬಂದಿದ್ದರೆ ಏನು ಮಾಡುತ್ತಿದ್ದೆನೋ, ಅದೂ ಗೊತ್ತಿಲ್ಲ.

ಭಾವ ಗಂಟೆ ಬಾರಿಸಿದರು. ಮಾವನವರು ನೆಲದ ಮೇಲೆ ಚಾಪೆಯಲ್ಲಿ ಕೂತು ಕಾಗದ ಓದಿದರು. ಭಾವ ನ್ಯಾಯವಂತರಂತೆ ನಕ್ಕರು. ‘ಏನಪಾ, ನೀ ಕುಂತಿದ್ದಾಗ ಇದೆಲ್ಲಾ ನೆನಪಾಗಿದ್ದಿಲ್ಲಲ್ಲ’ ಎಂದರು. ಅದು ಸರಿಯಾದ ಪ್ರಶ್ನೆ. ‘ಇಲ್ಲ’ ಎಂದರು ಮಾವನವರು. ಭಾವ ಅಪ್ಪನ ಮಾತನ್ನೇ ಅಪ್ಪನಿಗಿಂತ ಜೋರಾಗಿ ಹೇಳಿದರು: ಬ್ಯಾಡ ಅನ್ನೋರು ಕೈ ಎತ್ರಿ.

ಭಾವ ತಮ್ಮ ಕೈ ಎತ್ತಿದರು. ಎತ್ತಿ, ಭಾಗ್ಯಕ್ಕನ ಕಡೆ ನೋಡಿದರು.

ಭಾಗ್ಯಕ್ಕ ಸೆರಗಿನ ತುದಿಯಿಂದ ಹೋಳಿಗೆಯ ತುಪ್ಪ ಒರೆಸಿಕೊಳ್ಳುತ್ತಿದ್ದಳು. ಒಂದೊಂದೇ ಬೆರಳು. ಅಷ್ಟು ನಿಧಾನವಾಗಿ ಯಾರೂ ಕೈ ಒರೆಸಿಕೊಂಡದ್ದನ್ನು ನಾನು ನೋಡಿಲ್ಲ. ಭಾವನ ಕೈ ಒಂದೇ ಮೇಲಿತ್ತು. ಎತ್ತದವರು ಒಪ್ಪಿದ ಲೆಕ್ಕ, ಅದು ಆ ಮನೆಯ ಪದ್ಧತಿ. ನನ್ನನ್ನು ಬಸ್ಸು ಹತ್ತಿಸಿದ ಪದ್ಧತಿಯೇ ಈ ಕಾಗದವನ್ನೂ ದಾಟಿಸಿತು. ಭಾವ ಗಂಟೆ ಬಾರಿಸಲಿಲ್ಲ. ಮಾವನವರೇ ಕೂತಲ್ಲಿಂದ ‘ಪಾಸ್’ ಎಂದರು.

ಹೊಸ ಕಾಯ್ದೆಯ ಪ್ರಕಾರ ಕೇಳಬೇಕಾದವರನ್ನು ಕೇಳಬೇಕಲ್ಲ. ಮಾವನವರು ಅತ್ತೆಯ ಕಡೆ ತಿರುಗಿದರು. ಅವರು ಅತ್ತೆಯನ್ನು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ನೀರು ಕೊಡು, ಎಲೆ ಹಾಕು ಎನ್ನುವುದನ್ನು ಕೇಳುವುದು ಎನ್ನಲಾಗುವುದಿಲ್ಲ.

‘ನೀ ಎಲ್ಲಿರ್ತಿ?’

‘ಲಿಂಗಸುಗೂರಿಗೆ ಹೋಗ್ತೀನ್ರಿ. ಶಿವು ಹತ್ರ’ ಎಂದರು ಅತ್ತೆ. ಸೆರಗು ಸಿಕ್ಕಿಸಿಕೊಂಡು, ‘ಎಷ್ಟು ದಿನ ಅಂತ ಕೇಳಬ್ಯಾಡ್ರಿ’ ಎಂದರು.

ನನಗೂ ಅದು ಹೊಸ ಸುದ್ದಿ. ಸಿಂಧನೂರೂ ಅಲ್ಲ, ಗೊರೇಬಾಳವೂ ಅಲ್ಲ, ನನ್ನ ಎರಡು ಕೋಣೆಯ ಬಾಡಿಗೆ ಮನೆ ಎಂದು ಅವರು ಮೊದಲು ಹೇಳಿರಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ ಎಂಬುದನ್ನು ಗಮನಿಸಿ. ಕಾಯ್ದೆ ಬರೆದವಳ ಮೇಲೇ ಮೊದಲ ಉಲ್ಲಂಘನೆ. ಆದರೂ ನಾನು ಹೂಂ ಎಂದೆ. ಯಾಕೆಂದರೆ ಮಾವನವರ ಬಲಗೈ ನೆಲದ ಮೇಲೆ ಏನನ್ನೋ ಹುಡುಕುತ್ತಿತ್ತು. ಗಂಟೆ. ಅದು ಅಲ್ಲಿರಲಿಲ್ಲ, ಕುರ್ಚಿಯಲ್ಲಿ ಭಾವನ ತೊಡೆಯ ಮೇಲಿತ್ತು. ಕೈ ಚಾಪೆಯ ಅಂಚು ಹಿಡಿದು ಸುಮ್ಮನಾಯಿತು.

ಅತ್ತೆಯ ಚೀಲವನ್ನು ಮಾವನವರೇ ಕ್ರಾಸಿನವರೆಗೆ ಹೊತ್ತು ತಂದರು. ಅತ್ತೆ ಮುಂದೆ ನಡೆಯುತ್ತಿದ್ದರು. ನಾವಿಬ್ಬರು ಹಿಂದೆ. ಗದ್ದೆಗಳಿಗೆ ಇನ್ನೂ ನೀರು ಬಂದಿರಲಿಲ್ಲ, ಮಡಿಗಳು ಒಣಗಿ ಬಿರುಕು ಬಿಟ್ಟಿದ್ದವು. ಮಾವನವರು ಕಡೆಗೆ ಕೇಳಿದರು.

‘ಅವತ್ತು ಅಕೀಗೆ ಕೇಳಿಸಿತ್ತಲ್ಲವ್ವಾ?’

ಹೂಂ ಎಂದೆ.

‘ನನಗೂ ಹಂಗ ಅನಿಸಿತ್ತು’ ಎಂದರು.

ಬಸ್ಸು ಬಂತು. ಚೀಲವನ್ನು ಒಳಗಿಟ್ಟು ಕೆಳಗೆ ಇಳಿದು ನಿಂತರು. ಅನಿಲ ಇದನ್ನು ರದ್ದು ಮಾಡದೆ ಬಿಡುವುದಿಲ್ಲ, ಆಗ ನೀವೇನು ಮಾಡುತ್ತೀರಿ ಎಂದು ಕಿಟಕಿಯಿಂದ ಕೇಳಿದೆ. ಬ್ಯಾಡ ಎಂದು ಕೈ ಎತ್ತುತ್ತೇನೆ, ಬರೆಸಿದವನು ನಾನೇ ತಾನೇ ಎಂದರು. ಬಸ್ಸು ಹೊರಟ ಮೇಲೂ ಕ್ರಾಸಿನಲ್ಲಿ ನಿಂತೇ ಇದ್ದರು. ಅತ್ತೆ ತಿರುಗಿ ನೋಡಲಿಲ್ಲ. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡದ ಕಡೆ ನೋಡುತ್ತಾ, ಅಲ್ಲಿ ಅಶೋಕ ರಾಜ ಕಲ್ಲಿನಲ್ಲಿ ಬರೆಸಿದ್ದಾನಂತಲ್ಲ, ಯಾಕೆ ಎಂದು ಕೇಳಿದರು. ಯಾರೂ ಅಳಿಸಬಾರದೆಂದು ಎಂದೆ. ‘ನಮ್ದು ಹಾಳ್ಯಾಗ ಐತಲ್ಲವ್ವಾ’ ಎಂದರು.

ಹೌದು, ನಮ್ಮದು ಹಾಳೆಯಲ್ಲಿದೆ. ಹಾಗಾಗಿಯೇ ನಿಮಗೆ ಬರೆಯುತ್ತಿದ್ದೇನೆ.

ಬರುವ ಅಮಾವಾಸ್ಯೆಗೆ ಭಾವ ಇದನ್ನು ರದ್ದು ಮಾಡುವ ನಿರ್ಣಯ ತರುತ್ತಾರೆ. ಮಾವ, ಅತ್ತೆ, ನಾನು, ಮೂವರು ಬೇಡ ಎಂದು ಕೈ ಎತ್ತುತ್ತೇವೆ. ಭಾಗ್ಯಕ್ಕ ಎರಡನೆಯ ಸಲವೂ ತುಪ್ಪ ಒರೆಸಿಕೊಳ್ಳಬಹುದು, ಆದರೆ ಈ ಸಲ ಅದು ಭಾವನ ಲೆಕ್ಕಕ್ಕೆ ಹೋಗುತ್ತದೆ. ನೀವೂ ಸುಮ್ಮನಿದ್ದರೆ ಮೂರು ಮೂರು ಸಮ. ಸಮವಾದಾಗ ಕುರ್ಚಿಯ ಮಾತೇ ಮಾತು. ಅಂದರೆ ಈ ಸಲ ನೀವು ಹೆಬ್ಬೆರಳು ನೋಡುತ್ತಾ ಕೂತರೆ ನಿಮಗೆ ಬಿಸಿ ರೊಟ್ಟಿ ಸಿಗುತ್ತದೆ. ಅತ್ತೆಯ ಕೈಯ ರೊಟ್ಟಿ ನನಗೂ ಈಗ ದಿನಾ ಸಿಗುತ್ತಿದೆ. ಬೇಡ ಎಂದರೂ ಕೇಳುವುದಿಲ್ಲ, ಅದು ಅವರ ‘ದುಡಿಯುವ ಕೆಲಸ’ದ ಹಕ್ಕಂತೆ. ಬಿಟ್ಟುಕೊಡುವುದು ಕಷ್ಟ ಎಂದು ನನಗೂ ಅರ್ಥವಾಗುತ್ತದೆ.

ಇನ್ನೊಂದು. ನಿಮ್ಮ ವಕೀಲರು ಕಳಿಸಿದ, ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿ ನನ್ನ ಕಪಾಟಿನಲ್ಲಿ ಹಾಗೇ ಇದೆ. ನಾನು ಸಹಿ ಮಾಡಿಲ್ಲ, ನೀವೂ ಮಾಡಿಲ್ಲ. ಯಾಕೆ ಎಂದು ನೀವು ಕೇಳಿಲ್ಲ, ನಾನೂ ಕೇಳಿಲ್ಲ. ಯಾರ ಜೊತೆ ಬಾಳಬೇಕು ಎಂಬುದನ್ನು ಅವರನ್ನೇ ಕೇಳತಕ್ಕದ್ದು ಎಂದು ನಾನೇ ಬರೆದಿದ್ದೇನೆ. ಅದನ್ನು ಬರೆಯುವಾಗ ಅತ್ತೆ ಮಾವ ಮಾತ್ರ ಕಣ್ಣ ಮುಂದಿದ್ದರು ಎಂದು ಹೇಳಿಕೊಳ್ಳುತ್ತಿದ್ದೇನೆ.

ಅವ್ವನ ಬಿ.ಪಿ. ಗುಳಿಗೆ ಇಲ್ಲಿ ತಂದಿದ್ದೇನೆ, ಚಿಂತೆ ಬೇಡ. ಅವರ ಹಳೆಯ ಕನ್ನಡಕ ಗೊರೇಬಾಳದಲ್ಲಿ ಉಳಿದಿದೆ, ಯಾರಾದರೂ ಬರುವವರ ಕೈಯಲ್ಲಿ ಕಳಿಸಿ.

ಇಂತಿ,
ಸದ್ಯಕ್ಕೆ ಕಾಗದದ ಪ್ರಕಾರ ನಿಮ್ಮವಳೇ ಆದ
ಶಿವರಂಜನಿ

ಮರೆತ ಮಾತು: ಇದನ್ನು ಮಡಚಿ ಇಡುವಷ್ಟರಲ್ಲಿ, ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದ ಅತ್ತೆ ತಲೆ ಎತ್ತದೆ ಒಂದು ವಿಷಯ ಹೇಳಿದರು. ನನ್ನ ಕೆಲಸದ ಮೇಲೆ ಮತ ಹಾಕಿದ ದಿನ, ನಾನು ಕೈ ಎತ್ತಿದ ಕೂಡಲೇ ನಿಮ್ಮ ಕೈಯೂ ಏಳುತ್ತಿತ್ತಂತೆ. ಮನೆ ಒಡೆಯುತ್ತದೆಂದು ಅಂಜಿ, ಪಕ್ಕದಲ್ಲಿ ಕೂತಿದ್ದ ಅವರು ಸೆರಗಿನ ಅಡಿಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರಂತೆ, ಗಂಟೆ ಬಾರಿಸುವವರೆಗೂ. ನಾಲ್ಕು ವರ್ಷ ನೀವು ಇದನ್ನು ನನಗೆ ಹೇಳಲಿಲ್ಲ. ನಾನು ಎದ್ದು ಹೋಗಿ ಬೇಳೆಗೆ ಉಪ್ಪು ಹಾಕಿದೆ, ಆಮೇಲೆ ಇನ್ನೊಮ್ಮೆ ಹಾಕಿದೆ. ಯಾವ ಕೈ ಎಂದು ಕೇಳಿದೆ. ಬಲಗೈ ಎಂದರು.

ಎಡಗೈ ಖಾಲಿ ಇತ್ತಲ್ಲ ರೀ.